ನುಣುಪಿನ ಚರಿತ್ರೆ

ಸಿರಸಂಗಿಯೆಂದೊಡನೆ ಕಾಳಮ್ಮನ ಗುಡಿಯೂ, ಆ ತಾಯಿಗೆ ನಡೆದುಕೊಳ್ಳುವ ವಿಶ್ವಕರ್ಮರೂ, ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳಿಗೆಂದು ಬರೆದಿಟ್ಟು 1906ರಲ್ಲಿ ಕಾಲವಾದ ಲಿಂಗರಾಜ ದೇಸಾಯರೂ ಸ್ಮರಣೆಗೆ ಬರುವುದು ಸಹಜವಾದರೂ, ನನ್ನ ಮನಸ್ಸು ಹರಿಯುವುದು ಕನ್ನಡ ನಾಡಿನ ಉಳಿದೆಡೆಗಳಂತೆ ಸವದತ್ತಿ ಸೀಮೆಯ ಅಡುಗೆಮನೆಗಳಲ್ಲಿಯೂ ಮೂಲೆ ಹಿಡಿದು ಕುಳಿತಿರುತ್ತಿದ್ದ ತೇಯುವ ಕಲ್ಲಿನತ್ತ. ಬಜೆಯನ್ನೂ ಮಾಸಿಕಾಯಿಯನ್ನೂ ಎದೆಹಾಲಿನಲ್ಲಿ ತೇದು ಕೂಸಿನ ನಾಲಗೆಗೆ ಸವರುತ್ತಿದ್ದ ಅಜ್ಜಿಗೆ, ಮದ್ದು ತರಿತರಿಯಾಗಿದ್ದರೆ ಮೈಗೆ ಹತ್ತದೆಂಬುದು ಯಾರೂ ಕಲಿಸದೆ ಬಂದ ತಿಳಿವಳಿಕೆಯಾಗಿತ್ತು.

ರಸವೈದ್ಯರಾದರೋ ಈ ನುಣುಪನ್ನು ಶಾಸ್ತ್ರವನ್ನಾಗಿಯೇ ಬೆಳೆಸಿದರು. ಪಾದರಸ ಗಂಧಕಗಳನ್ನು ಕಲ್ವದಲ್ಲಿ, ಎಂದರೆ ಮದ್ದರೆಯುವ ಒರಳಿನಲ್ಲಿ, ಹಾಕಿ, ರಸದ ಹೊಳಪು ಅಡಗಿ ಕಾಡಿಗೆಯಂಥ ಕಜ್ಜಳಿಯಾಗುವವರೆಗೆ ದಿನಗಟ್ಟಲೆ ಅರೆಯುವುದು. ಲೋಹವನ್ನು ಸುಟ್ಟು ಮಾಡಿದ ಭಸ್ಮವು ಬೆರಳಿನ ಗೆರೆಗಳೊಳಗೆ ಇಳಿದರೆ ರೇಖಾಪೂರ್ಣ, ನೀರಿನ ಮೇಲೆ ತೇಲಿದರೆ ವಾರಿತರವೆಂದು ಪರೀಕ್ಷಿಸುವುದು. ಇದನ್ನು ಕಂಡು ನಮ್ಮ ಪೂರ್ವಿಕರು ನ್ಯಾನೊ ವಿಜ್ಞಾನವನ್ನು ಬಲ್ಲವರಾಗಿದ್ದರೆಂದು ಬೀಗುವವರ ಗುಂಪಿಗೆ ನಾನು ಸೇರಲಾರೆ. ತೇಲುವುದು ನೀರಿನ ಮೇಲ್ಮೈಯ ಬಿಗುವಿನಿಂದ, ಕರಗುವುದು ಬೇರೆ ಮಾತು, ಲೋಹ ಎಷ್ಟು ನುಣ್ಣಗಾದರೂ ನಿರಪಾಯವಾಯಿತೆಂದು ಅರ್ಥವೂ ಅಲ್ಲ. ಆದರೆ ಕಣದ ಗಾತ್ರದಲ್ಲಿ ಗುಣ ಅಡಗಿದೆಯೆಂಬ ಅವರ ಶಂಕೆ ಸುಳ್ಳಾಗಲಿಲ್ಲ.

1897ರಲ್ಲಿ ನಾಯ್ಸ್ ಮತ್ತು ವಿಟ್ನಿ ಎಂಬ ಅಮೆರಿಕದ ವಿದ್ವಾಂಸರು ಘನವಸ್ತು ಕರಗುವ ವೇಗದ ಲೆಕ್ಕವನ್ನು ಕಂಡುಹಿಡಿದರು. ಆ ವೇಗವು ದ್ರವಕ್ಕೆ ತಾಗುವ ಮೈಯನ್ನು ಅವಲಂಬಿಸಿದೆಯೆಂಬುದು ಅದರಿಂದ ಬೆಳೆದ ಸಿದ್ಧಾಂತ. ಒಂದು ಸೆಂಟಿಮೀಟರಿನ ಘನವೊಂದನ್ನು ನೂರು ನ್ಯಾನೊಮೀಟರಿನ ಘನಗಳಾಗಿ ಒಡೆದರೆ, ಆರು ಚದರ ಸೆಂಟಿಮೀಟರಿನ ಮೈ ಅರವತ್ತು ಚದರ ಮೀಟರು, ಅಂದರೆ ಒಂದು ದೊಡ್ಡ ಪಡಸಾಲೆಯಷ್ಟು ಹರಡೀತು! ನೀರಿಗೆ ಜಗ್ಗದ ಗ್ರೀಸಿಯೋಫಲ್ವಿನ್ ಎಂಬ ಗಜಕರ್ಣದ ಮದ್ದನ್ನು ಇನ್ನೂ ನುಣ್ಣಗೆ ಪುಡಿಮಾಡಿದಾಗ ಅರ್ಧ ಪ್ರಮಾಣವೇ ಸಾಕಾಯಿತು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ ಕೊಡುವ ಸಿರೋಲಿಮಸ್, ನ್ಯಾನೊ ಹರಳುಗಳ ಮಾತ್ರೆಯಾಗಿ 2000ದಲ್ಲಿ ಅಮೆರಿಕದಲ್ಲಿ ಅಂಗೀಕಾರ ಪಡೆಯಿತು. ಸಣ್ಣ ಗಟ್ಟಿಮಣಿಗಳ ನಡುವೆ ಮದ್ದನ್ನು ನೀರಿನೊಡನೆ ಅರೆಯುವುದು ಈ ಬಗೆಯ ಹರಳುಗಳನ್ನು ಮಾಡುವ ಒಂದು ವಿಧಾನ. ಕಣಗಳಿಗೆ ಮರಳಿ ಕೂಡಿಕೊಳ್ಳುವ ಚಟವಿರುವುದರಿಂದ, ಅವನ್ನು ಬಿಡಿಬಿಡಿಯಾಗಿ ಇರಿಸುವ ಪದಾರ್ಥವೊಂದನ್ನೂ ಬೆರೆಸುತ್ತಾರೆ.

ಬೆಳಗಾವಿಯಲ್ಲಿ ಲಿಂಗರಾಜರ ಹೆಸರಿನ ಕಾಲೇಜನ್ನು ನಡೆಸುವ ಕೆ.ಎಲ್.ಇ. ಸಂಸ್ಥೆಗೆ ಅದೇ ಊರಿನಲ್ಲಿ ಔಷಧಶಾಸ್ತ್ರದ ಕಾಲೇಜೂ ಇದೆ. ಈ ಶಾಸ್ತ್ರವನ್ನು ಕಲಿಯಹೊರಟ ವಿದ್ಯಾರ್ಥಿಯ ಕೈಗೆ ಮೊದಮೊದಲು ಬರುವ ಸಾಧನಗಳಲ್ಲಿ ಒಂದು ಇಂದಿಗೂ ಕಲ್ವವೇ.