ಬೆಂಗಳೂರಿಗೆ ಎಷ್ಟು ಅಂಕ?

2018ರಲ್ಲಿ ಕೇಂದ್ರ ಸರ್ಕಾರ 111 ನಗರಗಳ ಸುಗಮ ಜೀವನ ಸೂಚ್ಯಂಕ ಪ್ರಕಟಿಸಿದಾಗ ಬೆಂಗಳೂರಿಗೆ 58ನೇ ಸ್ಥಾನ. 2021ರ ಮಾರ್ಚಿನಲ್ಲಿ ಬಂದ ಮುಂದಿನ ಪಟ್ಟಿಯಲ್ಲಿ, ಹತ್ತು ಲಕ್ಷ ಮೀರಿದ ಊರುಗಳ ಪೈಕಿ ಮೊದಲನೆಯದು! (ಟ್ರಾಫಿಕ್ಕಿನಲ್ಲಿ ಕೂತು ಆ ಸುದ್ದಿ ಓದಿದವರು ನಕ್ಕಿರಬೇಕು.) ನನಗನ್ನಿಸುವಂತೆ, ಬದಲಾದದ್ದು ಊರಿಗಿಂತ ಹೆಚ್ಚಾಗಿ ಅಳತೆಗೋಲು. ಎರಡನೆಯ ಸಲ ನಾಗರಿಕರ ಅಭಿಪ್ರಾಯಕ್ಕೇ ಶೇ. 30ರಷ್ಟು ತೂಕವಿತ್ತು.

ನಾನು ಓದುತ್ತಿರುವುದು ಇನ್ನೂ ಹಳೆಯ ಲೆಕ್ಕಗಳನ್ನು. 1898ರ ಪ್ಲೇಗಿನಲ್ಲಿ ಬೆಂಗಳೂರನ್ನು ಅಳೆದದ್ದು ಸಾವುಗಳಿಂದ. ಆ ಲೆಕ್ಕ ಪೇಟೆಯ ಇಕ್ಕಟ್ಟಾದ ಗಲ್ಲಿಗಳತ್ತ ಬೊಟ್ಟು ಮಾಡಿತು. ಮೊದಲೇ ಯೋಜಿಸಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಕೆಲಸ ಚುರುಕಾಯಿತು. ಅಂಕಿಗೆ ಆಗ ವಿಳಾಸವಿತ್ತು. ಈಗಿನ 66.70 ಅಂಕ ಇಡೀ ಊರಿಗೆ ಒಂದೇ: ಕಾವೇರಿ ನೀರು ಬರುವ ಜಯನಗರಕ್ಕೂ ಅದೇ, ಟ್ಯಾಂಕರಿಗೆ ಕಾಯುವ ಮಹದೇವಪುರದ ಬೀದಿಗೂ ಅದೇ.