ಮಾಮಾನ ವಹಿ, ಮಾಮಿಯ ಕ್ಯಾಲೆಂಡರು

ಏಕಸಂಬಿಯಲ್ಲಿ ನಮ್ಮ ಮಾಮಾನ ತೋಟದ ಮನೆ ದೂಧಗಂಗಾ ಹೊಳೆಯ ದಂಡೆಗೆ ಹತ್ತಿರ. ಸೂಟಿಗೆ ಹೋದಾಗಲೆಲ್ಲ ನಮಗೆ ಕಾಣುತ್ತಿದ್ದುದು ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ಉದ್ದನೆಯ ತಂತಿ. ಅರಿವೆ ಒಣಹಾಕಲು ಅಷ್ಟು ಎತ್ತರ ಯಾಕೆ ಕಟ್ಟಿದ್ದಾರೆ ಎಂದು ನಾನು ಬಹಳ ದಿನ ಯೋಚಿಸಿದ್ದೆ. ಅದು ಮಾಮಾನ ರೇಡಿಯೋದ ಏರಿಯಲ್ಲು. ಮಾಮಾ ಹವ್ಯಾಸಿ ರೇಡಿಯೋದವರು. ಪರೀಕ್ಷೆ ಪಾಸು ಮಾಡಿ, ದಿಲ್ಲಿಯಿಂದ ಲೈಸೆನ್ಸು ಮತ್ತು ಕರೆಸಂಕೇತ ಪಡೆದು, ಮನೆಯಿಂದಲೇ ದೇಶವಿದೇಶದವರೊಡನೆ ಮಾತಾಡುವ ಇಂಥವರಿಗೆ ಹ್ಯಾಮ್ ಎನ್ನುತ್ತಾರೆ. ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು ಎಂಬುದನ್ನು ಮಾಮಾ ಬಂದ ಬೀಗರಿಗೆಲ್ಲ ತಪ್ಪದೆ ಹೇಳುತ್ತಿದ್ದರು.

ಮಾತು ಮುಗಿದೊಡನೆ ಮಾಮಾ ವಹಿಯಲ್ಲಿ ಬರೆಯುತ್ತಿದ್ದರು: ತಾರೀಖು, ವೇಳೆ, ಎದುರಿನವರ ಕರೆಸಂಕೇತ, ಯಾವ ತರಂಗ, ದನಿ ಎಷ್ಟು ಸ್ಪಷ್ಟ. ಅದರ ಹೆಸರು ಲಾಗ್ ಬುಕ್. ಹಿಂದೆ ಹಡಗಿನವರು ವೇಗ ಅಳೆಯಲು ಹಗ್ಗಕ್ಕೆ ಮರದ ತುಂಡು ಕಟ್ಟಿ ನೀರಿಗೆ ಬಿಡುತ್ತಿದ್ದರಂತೆ. ಆ ತುಂಡಿನ ಹೆಸರೇ ಲೆಕ್ಕ ಬರೆಯುವ ಪುಸ್ತಕಕ್ಕೂ ಬಂತು. ನಮ್ಮ ದೇಶದ 1978ರ ಹವ್ಯಾಸಿ ರೇಡಿಯೋ ನಿಯಮಗಳಲ್ಲಿ ಈ ಲಾಗು ಬಿಡಿ ಹಾಳೆಯಲ್ಲಿ ಇರಕೂಡದು, ಹೊಲಿದ ಪುಸ್ತಕದಲ್ಲೇ ಇರಬೇಕೆಂದಿತ್ತು. ಹಾಳೆ ಕಿತ್ತು ಲೆಕ್ಕ ತಿದ್ದಬಾರದಲ್ಲ! ಕಿರಾಣಿ ಅಂಗಡಿಯ ಕಿರ್ದಿಗೂ ಅದೇ ಕಟ್ಟು.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ತಂಡ ಕಟ್ಟಿಕೊಂಡು ಅಂಡಮಾನಿಗೆ ಹೋದರು. ಅಂಡಮಾನಿನಿಂದ ದನಿ ಕೇಳುವುದೇ ಅಪರೂಪ, ಹಾಗಾಗಿ ಜಗತ್ತಿನ ಹ್ಯಾಮ್‌ಗಳೆಲ್ಲ ಅವರನ್ನು ಹಿಡಿಯಲು ಮುಗಿಬಿದ್ದರು. ನಮ್ಮ ಮಾಮಾ ಮೂರು ರಾತ್ರಿ ನಿದ್ದೆಗೆಟ್ಟು, ಒಂದು ಬೆಳಗಿನ ಜಾವ 4 ಗಂಟೆಗೆ ಅವರನ್ನು ಹಿಡಿದೇಬಿಟ್ಟರು. ಮಾಮಿಯನ್ನು ಎಬ್ಬಿಸಿ ಚಹಾ ಮಾಡಿಸಿದರು. ಅದಾಗಿ ಎರಡು ವಾರಕ್ಕೆ, ಡಿಸೆಂಬರ್ 26ರಂದು, ಸುನಾಮಿ ಬಂತು. ಟೆಲಿಫೋನು ಸತ್ತುಹೋದ ದ್ವೀಪಗಳಿಂದ ಬದುಕಿದವರ ಸುದ್ದಿ ಹೊರಗೆ ಕಳಿಸಿದವರಲ್ಲಿ ಅದೇ ತಂಡದವರಿದ್ದರು. ತಾನು ಮಾತಾಡಿದ ಹೆಣ್ಣುಮಗಳು ಎಂದು ಮಾಮಾನಿಗೆ ಸ್ವಂತ ತಂಗಿಯ ಮೇಲಿನಷ್ಟೇ ಅಭಿಮಾನ.

ಮುಂದಿನ ಜುಲೈ ಕೊನೆಗೆ ಸಹ್ಯಾದ್ರಿಯಲ್ಲಿ ಮಳೆ ಹುಯ್ದು ಹೊಳೆ ತೋಟಕ್ಕೆ ನುಗ್ಗಿತು. ಕೃಷ್ಣೆ, ದೂಧಗಂಗೆ, ವೇದಗಂಗೆ ಎಲ್ಲ ಒಂದೇ ಸಲ ಉಕ್ಕಿದ ಆ 2005ರ ಮಹಾಪೂರವನ್ನು ಚಿಕ್ಕೋಡಿ, ಅಥಣಿ, ರಾಯಬಾಗದ ಕಡೆಯವರು ಮರೆತಿಲ್ಲ. ಎಮ್ಮೆಗಳನ್ನು ಹೊಡೆದುಕೊಂಡು ಎಲ್ಲರೂ ಊರೊಳಕ್ಕೆ ಬಂದರು. ಮಾಮಾನ ವಹಿಗಳೂ, ಮಾತಾಡಿದವರು ಅಂಚೆಯಲ್ಲಿ ಕಳಿಸಿದ ಬಣ್ಣದ ಕಾರ್ಡುಗಳೂ ಹೊರಗಿನ ಕೋಣೆಯ ಒಂದೇ ಟ್ರಂಕಿನಲ್ಲಿ ಉಳಿದವು. ನೀರು ಇಳಿದ ಮೇಲೆ ತೆಗೆದರೆ ಎಲ್ಲ ಕಲಸಿ ಒಂದು ಮುದ್ದೆ. ಹೊಳೆ ಬೆಳೆ ಒಯ್ದಾಗ ಅಳದ ಮಾಮಾ ಆ ದಿನ ಅತ್ತರು.

ಅಂಡಮಾನಿನ ಕಾರ್ಡಿಗೆ ಮಾಮಾ ಇನ್ನೂ ಬರೆದಿರಲಿಲ್ಲ. ಬರೆಯಬೇಕೆಂದರೆ ತಾರೀಖು, ವೇಳೆ ಬೇಕು. ಅವರ ಲಾಗಿಗೆ ಹೊಂದಿದರೆ ಮಾತ್ರ ಕಾರ್ಡು. ಆಗ ಮಾಮಿ ರೇಶನ್ ಕಾರ್ಡಿನ ಡಬ್ಬಿಯಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದರು. ಹಾಲಿನ ಲೆಕ್ಕ ಬರೆಯುವ ಹಾಳೆಗಳು. ಯಾರೋ ಬಾಕಿ ಕೊಡಬೇಕಿತ್ತೆಂದು ಪೂರದಲ್ಲೂ ಬಿಡದೆ ತಂದಿದ್ದರು. ಡಿಸೆಂಬರ್ 12ರ ಮನೆಯಲ್ಲಿ, ಎರಡು ಲೀಟರಿನ ಕೆಳಗೆ, "ಅಂಡಮಾನ, 4ಕ್ಕ ಚಹಾ" ಎಂದು ಬರೆದಿತ್ತು.

"ನಿಮ್ಮ ವಹಿ ಹೊಳಿ ಪಾಲಾತು. ನನ್ನ ಹಾಲಿನ ಲೆಕ್ಕ ಉಳದೈತಿ ನೋಡ್ರಿ" ಎಂದರು ಮಾಮಿ.

ಮಾಮಾ 12 ಎಂದೇ ಬರೆದು, ಲಕೋಟೆ ಅಂಟಿಸುವ ಮುನ್ನ ನಾಲಿಗೆ ಕಚ್ಚಿಕೊಂಡರು. ಹ್ಯಾಮ್‌ಗಳ ಗಡಿಯಾರ ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ನಮ್ಮ 12ರ ಬೆಳಗಿನ 4 ಎಂದರೆ ಅವರ 11ರ ರಾತ್ರಿ ಹತ್ತೂವರೆ. ತಿದ್ದಿ ಕಳಿಸಿದರು. ಕೆಲವು ತಿಂಗಳಿಗೆ ಕಾರ್ಡು ಬಂತು. ಈ ಹವ್ಯಾಸದ ಚೆಂದವೇ ಇದು ಎನ್ನಿಸುತ್ತದೆ ನನಗೆ: ನಿಮ್ಮ ಮಾತು ನಿಮ್ಮ ವಹಿಯಲ್ಲಷ್ಟೇ ಅಲ್ಲ, ಸಾವಿರ ಮೈಲಿ ಆಚೆಯ ಇನ್ನೊಬ್ಬರ ವಹಿಯಲ್ಲೂ ಇರುತ್ತದೆ.

ಮುಂದೆ ಮಗ ಕಂಪ್ಯೂಟರ್ ತಂದು ಲಾಗ್ ಬರೆಯುವ ತಂತ್ರಾಂಶ ಹಾಕಿಕೊಟ್ಟ. ಇವುಗಳಲ್ಲಿ ಅನೇಕವನ್ನು ಹ್ಯಾಮ್‌ಗಳೇ ಬಿಡುವಿನಲ್ಲಿ ಬರೆದು ಪುಕ್ಕಟೆ ಹಂಚುತ್ತಾರೆ. ಎನ್1ಎಂಎಂ ಎಂಬ ಹೆಸರಾಂತ ತಂತ್ರಾಂಶದ ಹೆಸರು ಅದನ್ನು ಬರೆದವರ ಕರೆಸಂಕೇತವೇ. ಪುಕ್ಕಟೆ ಎಂದ ಮೇಲೆ ಬೇಡಿಕೆಗೆ ಬರವೇ? ಬಣ್ಣ ಬದಲಿಸಿ, ಹೊಸ ದೇಶ ಸಿಕ್ಕರೆ ಗಂಟೆ ಬಾರಿಸಿ, ನಕ್ಷೆ ತೋರಿಸಿ ಎಂದು ಬಳಸುವವರು ಬರೆಯುತ್ತಲೇ ಇರುತ್ತಾರೆ. ಮಾಮಾ ಮಗನಿಂದ ಬರೆಸಿದ್ದು ಒಂದೇ: ಮುಚ್ಚುವಾಗ ತಾನೇ ಒಂದು ನಕಲು ತೆಗೆದಿಡುವಂತೆ ಮಾಡಿರಿ. ಉತ್ತರ ಬಂತು: ಅದು ಆಗಲೇ ಇದೆ, ಒತ್ತಿ ನೋಡಿರಿ.

ಒತ್ತಿದರು. ನಕಲು ಅದೇ ಕಂಪ್ಯೂಟರಿನೊಳಗೆ ಕೂತಿತು. ಮಾಮಿ ಕೇಳಿ ನಕ್ಕರು. "ಒಂದೇ ಟ್ರಂಕಿನಾಗ ಎರಡು ವಹಿ ಇಟ್ಟಂಗಾತಲ್ರೀ!"

ಓದಿದವರಿಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಅಂದಿನಿಂದ ಮಾಮಾ ಪ್ರತಿ ರವಿವಾರ ಲಾಗನ್ನು ಎಡಿಐಎಫ್ ರೂಪದಲ್ಲಿ ಪೆನ್‌ಡ್ರೈವಿಗೆ ಇಳಿಸತೊಡಗಿದರು. 1996ರಲ್ಲಿ ರೂಪುಗೊಂಡ ಈ ಬಗೆಯ ಕಡತ ಬರೀ ಅಕ್ಷರ. ಒಂದು ತಂತ್ರಾಂಶ ಕೈಕೊಟ್ಟರೆ ಇನ್ನೊಂದು ಓದುತ್ತದೆ. 2019ರ ಆಗಸ್ಟಿನಲ್ಲಿ ಮತ್ತೆ ಪೂರ ಬಂದಾಗ ಕಂಪ್ಯೂಟರ್ ನೀರಲ್ಲಿ ನಿಂತಿತು. ಪೆನ್‌ಡ್ರೈವು ರೇಶನ್ ಕಾರ್ಡಿನ ಡಬ್ಬಿಯಲ್ಲಿ ಮಾಮಿಯ ಕಂಕುಳಲ್ಲಿತ್ತು.

ಈಗ ಲಾಗನ್ನು ಅಮೆರಿಕಕ್ಕೂ ಕಳಿಸುತ್ತಾರೆ. ಅಲ್ಲಿನ ಹ್ಯಾಮ್ ಸಂಘವಾದ ಎಆರ್‌ಆರ್‌ಎಲ್ 2003ರಿಂದ ಒಂದು ಸೇವೆ ನಡೆಸುತ್ತದೆ. ಇಬ್ಬರ ಲಾಗನ್ನೂ ತಾಳೆ ನೋಡಿ, ಹೊಂದಿದರೆ ಖಾತ್ರಿ ಕೊಡುತ್ತದೆ. 2024ರ ಮೇ ತಿಂಗಳಲ್ಲಿ ದುಷ್ಕರ್ಮಿಗಳು ಸಂಘದ ಕಂಪ್ಯೂಟರುಗಳಿಗೆ ನುಗ್ಗಿದಾಗ ಆ ಸೇವೆ ನಿಂತು, ಜುಲೈ 1ಕ್ಕೆ ಮತ್ತೆ ಶುರುವಾಯಿತು. ಲಾಗುಗಳಿಗೆ ಧಕ್ಕೆಯಾಗಲಿಲ್ಲ. ಆದರೆ ಆ ವಾರಗಳಲ್ಲಿ ಮಾಮಾ ಚಿಕ್ಕೋಡಿಯಿಂದ ಹೊಲಿದ ವಹಿಯೊಂದನ್ನು ತರಿಸಿ, ಕನ್ನಡಕ ಏರಿಸಿ, ಹಳೆಯದನ್ನೆಲ್ಲ ಕೈಯಿಂದ ನಕಲು ಮಾಡುತ್ತ ಕೂತಿದ್ದರು. ನಾನು ಹೋದಾಗ 2011ರವರೆಗೆ ಬಂದಿದ್ದರು. ಮಾಮಿ ಚಹಾ ಇಟ್ಟು, ಕ್ಯಾಲೆಂಡರಿನಲ್ಲಿ ಆ ದಿನದ ಹಾಲು ಬರೆದು, ಅದರ ಕೆಳಗೆ ನನ್ನ ಹೆಸರನ್ನೂ ಬರೆದರು.