ಎಷ್ಟು ಕತ್ತರಿಸಬೇಕು?

ಆರಂಭದ ಹಂತದಲ್ಲಿಯೇ ಪತ್ತೆಯಾದ ಸ್ತನ ಕ್ಯಾನ್ಸರಿಗೆ ಸ್ತನವನ್ನು ಪೂರ್ಣವಾಗಿ ತೆಗೆಯಬೇಕೆ, ಅಥವಾ ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ನೀಡಿದರೆ ಸಾಕೆ? ಇಂದು ವೈದ್ಯರು ಈ ಪ್ರಶ್ನೆಯನ್ನು ರೋಗಿಯ ಮುಂದೆಯೇ ಇಡುತ್ತಾರೆ. ಆಕೆಯನ್ನು ಕೇಳಬೇಕೆಂಬ ತಿಳಿವಳಿಕೆ ಮೂಡುವುದಕ್ಕೇ ಬಹುಕಾಲ ಹಿಡಿಯಿತು. ನಮ್ಮ ಮನೆಗಳಲ್ಲಿ ಈ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿಯಿರಲಿಲ್ಲವಾದ್ದರಿಂದ ಅದರ ಚರಿತ್ರೆಯನ್ನಾದರೂ ಇಲ್ಲಿ ಬರೆದಿಡುತ್ತಿದ್ದೇನೆ.

1811ರ ಸೆಪ್ಟೆಂಬರ್ 30ರಂದು ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಗೆ ಪ್ಯಾರಿಸ್ಸಿನಲ್ಲಿ ಶಸ್ತ್ರಕ್ರಿಯೆಯಾಯಿತು. ಕತ್ತಿ ಹಿಡಿದವನು ನೆಪೋಲಿಯನ್ನನ ಸೇನೆಯ ಪ್ರಸಿದ್ಧ ವೈದ್ಯ ಲ್ಯಾರಿ. ಅರಿವಳಿಕೆಯೆಂಬುದು ಇನ್ನೂ ಬಳಕೆಗೆ ಬಂದಿರಲಿಲ್ಲ. ಆ ಯಾತನೆಯನ್ನು ಆಕೆ ಸೋದರಿಗೆ ಬರೆದ ಪತ್ರದಲ್ಲಿ ವಿವರವಾಗಿ ದಾಖಲಿಸಿದಳು, 1840ರವರೆಗೂ ಬದುಕಿದಳು.

ಅರಿವಳಿಕೆ ಬಂದ ಮೇಲೆ ಶಸ್ತ್ರವೈದ್ಯರ ಧೈರ್ಯ ಬೆಳೆಯಿತು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ ಐವತ್ತು ರೋಗಿಗಳ ವರದಿಯನ್ನು ಪ್ರಕಟಿಸಿದನು. ಸ್ತನ, ಅದರಡಿಯ ಎದೆಸ್ನಾಯುಗಳು, ಕಂಕುಳಿನ ದುಗ್ಧಗ್ರಂಥಿಗಳು, ಎಲ್ಲವನ್ನೂ ಒಟ್ಟಾಗಿ ತೆಗೆಯುವುದು ಅವನ ವಿಧಾನ. ಅದಕ್ಕೆ 'ರ‍್ಯಾಡಿಕಲ್' ಎಂದು ಹೆಸರು. ಲ್ಯಾಟಿನ್ನಿನಲ್ಲಿ ಆ ಪದದ ಮೂಲಾರ್ಥ 'ಬೇರು'. ರೋಗವು ಗಂಟಿನಿಂದ ಹೊರಟು ಕ್ರಮವಾಗಿ ಸುತ್ತ ಹರಡುತ್ತದೆ, ಆದ್ದರಿಂದ ಅಗಲವಾಗಿ ಕತ್ತರಿಸಿದಷ್ಟೂ ಒಳ್ಳೆಯದು ಎಂಬುದು ಅವನ ತರ್ಕ. ದೊಡ್ಡ ಗೆಡ್ಡೆಗಳೊಡನೆ ಬರುತ್ತಿದ್ದ ಅಂದಿನ ರೋಗಿಗಳಲ್ಲಿ ಅದೇ ಜಾಗದಲ್ಲಿ ರೋಗ ಮರುಕಳಿಸುವುದು ಬಹಳ ಕಡಿಮೆಯಾಯಿತೆಂಬುದೂ ನಿಜ. ಆದರೆ ಗುಳಿಬಿದ್ದ ಎದೆ, ಊದಿಕೊಂಡ ತೋಳು ಅನೇಕ ಹೆಂಗಸರ ಪಾಲಿಗೆ ಜೀವನಪರ್ಯಂತ ಉಳಿದವು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಗಂಟಿನ ಪರೀಕ್ಷೆಗೆಂದು ಮಹಿಳೆಗೆ ಅರಿವಳಿಕೆ ಕೊಡುವರು. ತುಣುಕಿನಲ್ಲಿ ಕ್ಯಾನ್ಸರ್ ಕಂಡರೆ ಅದೇ ಮೇಜಿನ ಮೇಲೆ ಸ್ತನವನ್ನು ತೆಗೆದುಬಿಡುವರು. ಎಚ್ಚರವಾದಾಗ ಆಕೆ ಎದೆ ಮುಟ್ಟಿ ನೋಡಿಕೊಂಡು ತನ್ನ ರೋಗವನ್ನು ತಿಳಿಯಬೇಕಿತ್ತು! 1974ರಲ್ಲಿ ರೋಸ್ ಕುಶ್ನರ್ ಎಂಬ ಪತ್ರಕರ್ತೆ ಇದನ್ನು ಒಪ್ಪದೆ, ಮೊದಲು ಪರೀಕ್ಷೆಯಷ್ಟೇ ಆಗಲಿ, ಮುಂದಿನದನ್ನು ನಾನು ನಿರ್ಧರಿಸುತ್ತೇನೆ ಎಂದು ಹಟ ಹಿಡಿದರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿಯಲ್ಲಿ ಅವರೂ ಇದ್ದರು. ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಬೇರ್ಪಡಿಸಬೇಕೆಂದು ಆ ಸಮಿತಿ ಹೇಳಿತು.

ಹಾಲ್‌ಸ್ಟೆಡ್‌ನ ತರ್ಕವನ್ನು ಅಂಕಿಅಂಶಗಳಿಂದ ಅಲುಗಾಡಿಸಿದವರು ಇಬ್ಬರು: ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್, ಮಿಲಾನಿನ ಉಂಬರ್ತೊ ವೆರೊನೇಸಿ. ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ದಶಕಗಳ ಕಾಲ ಅವರನ್ನು ಹಿಂಬಾಲಿಸುವುದು ಸುಲಭದ ಕೆಲಸವಲ್ಲ. ಮಿಲಾನಿನಲ್ಲಿ 1973ರಿಂದ 1980ರವರೆಗೆ, ಎರಡು ಸೆಂಟಿಮೀಟರು ಮೀರದ ಗಂಟಿದ್ದ 701 ಮಹಿಳೆಯರು ಸೇರಿದರು. ಇಪ್ಪತ್ತು ವರ್ಷಗಳ ಬಳಿಕ, 2002ರಲ್ಲಿ, ಲೆಕ್ಕ ಹೊರಬಿತ್ತು. ಸ್ತನ ಉಳಿಸಿಕೊಂಡು ವಿಕಿರಣ ಪಡೆದವರಲ್ಲಿ 30 ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತ್ತು. ಹಾಲ್‌ಸ್ಟೆಡ್ ವಿಧಾನಕ್ಕೆ ಒಳಗಾದವರಲ್ಲಿ 8 ಮಂದಿಗೆ ಮಾತ್ರ ಆ ಜಾಗದಲ್ಲಿ ಮರುಕಳಿಸಿತ್ತು. ಆದರೆ ಮರಣದ ಪ್ರಮಾಣ 41.7 ಮತ್ತು 41.2 ಪ್ರತಿಶತ, ಹೆಚ್ಚುಕಡಿಮೆ ಒಂದೇ.

ಫಿಶರ್ ಪ್ರಯೋಗವೂ ಅದನ್ನೇ ಹೇಳಿತು. ಜೊತೆಗೆ ಮತ್ತೊಂದು ಎಚ್ಚರಿಕೆಯೂ ಅಲ್ಲಿತ್ತು: ಗಂಟು ತೆಗೆದ ಮೇಲೆ ವಿಕಿರಣ ಪಡೆದವರಲ್ಲಿ ಇಪ್ಪತ್ತು ವರ್ಷಗಳಲ್ಲಿ 14.3 ಪ್ರತಿಶತ, ಪಡೆಯದವರಲ್ಲಿ 39.2 ಪ್ರತಿಶತ ಮಂದಿಗೆ ಅದೇ ಸ್ತನದಲ್ಲಿ ಮರುಕಳಿಕೆ. ಈ ಪ್ರಯೋಗಗಳಲ್ಲಿ ಭಾಗವಹಿಸಿದ್ದ ಮಾಂಟ್ರಿಯಲ್ಲಿನ ಒಬ್ಬ ವೈದ್ಯ ದಾಖಲೆ ತಿದ್ದಿದ್ದುದು 1994ರಲ್ಲಿ ಬಹಿರಂಗವಾಗಿ ದೊಡ್ಡ ಗದ್ದಲವೇ ಆಯಿತು. ಅವನ ರೋಗಿಗಳನ್ನು ಕೈಬಿಟ್ಟು ಲೆಕ್ಕ ಹಾಕಿದಾಗಲೂ ತೀರ್ಮಾನ ಬದಲಾಗಲಿಲ್ಲ.

ಹಾಗೆಂದು ಸ್ತನ ಉಳಿಸಿಕೊಳ್ಳುವುದೇ ಎಲ್ಲರಿಗೂ ತಕ್ಕದ್ದೆಂದಲ್ಲ. ಹಲವು ಕಡೆ ಗಂಟುಗಳಿದ್ದರೆ, ಸ್ತನದ ಗಾತ್ರಕ್ಕೆ ಗೆಡ್ಡೆ ದೊಡ್ಡದಾಗಿದ್ದರೆ, ಹಿಂದೆಯೇ ಆ ಭಾಗಕ್ಕೆ ವಿಕಿರಣ ಕೊಟ್ಟಿದ್ದರೆ, ವಂಶವಾಹಿಯ ದೋಷವಿದ್ದರೆ ಪೂರ್ಣವಾಗಿ ತೆಗೆಯುವುದೇ ಲೇಸೆನ್ನಬಹುದು. ವಿಕಿರಣಕ್ಕಾಗಿ ದಿನವೂ ದೂರದೂರಿಗೆ ಹೋಗಬೇಕಾದವಳ ಲೆಕ್ಕಾಚಾರವೇ ಬೇರೆ. ಮರುಕಳಿಸೀತೆಂಬ ಅಂಜಿಕೆಯಲ್ಲಿ ಬದುಕಲಾರೆನೆಂದು ಪೂರ್ಣ ಶಸ್ತ್ರಕ್ರಿಯೆಯನ್ನೇ ಆರಿಸಿಕೊಳ್ಳುವವರೂ ಇದ್ದಾರೆ. ಅದನ್ನು ಅವಿವೇಕವೆನ್ನಲು ನಾವು ಯಾರು? ರೋಗ ಬೇಗ ಪತ್ತೆಯಾಗಿದ್ದರೆ ಅಂದೇ ನಿರ್ಧರಿಸುವ ತುರ್ತು ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಬ್ಬ ವೈದ್ಯರನ್ನು ಕಾಣಲು, ಮನೆಯವರೊಡನೆ ಕುಳಿತು ಮಾತಾಡಲು ಒಂದೆರಡು ವಾರಗಳ ಅವಕಾಶವಿರುತ್ತದೆ.